ಆದೇಶ ಕೊಟ್ಟವರು ಯಾರು, ಕ್ಷಮೆ ಕೇಳಬೇಕಾದವನು ಯಾರು? ಹೆರಾಲ್ಡ್ ಲಾರ್ವುಡ್ ಕಥೆ

'ಕ್ರಿಕೆಟ್‌ನಲ್ಲಿ ರಾಜಕೀಯ ತರಬೇಡಿ' ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗೋದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಒಬ್ಬ ಬೌಲರ್. ಹೆಸರು ಹೆರಾಲ್ಡ್ ಲಾರ್ವುಡ್. ಬಾಡಿಲೈನ್ ಸರಣಿಯ ಬಗ್ಗೆ ಮೊದಲ ಸಲ ಓದಿದಾಗ ನನ್ನ ಲೆಕ್ಕದಲ್ಲಿ ಆತ ಖಳನಾಯಕ. ಬ್ರಾಡ್‌ಮನ್‌ನಂಥ ಆಟಗಾರನ ಮೈಗೆ, ತಲೆಗೆ ಗುರಿಯಿಟ್ಟು ಚೆಂಡು ಎಸೆದವನು, ಅಷ್ಟೇ. ಆಮೇಲೆ ಆತನ ವೃತ್ತಿಜೀವನದ ಕಥೆ ಪೂರ್ತಿ ಓದಿದೆ. ಅದರಲ್ಲಿ ಕ್ರಿಕೆಟ್ ಎಷ್ಟಿದೆಯೋ ವರ್ಗ ರಾಜಕಾರಣವೂ ಅಷ್ಟೇ ಇದೆ.

ಗಣಿಯಿಂದ ಮೈದಾನಕ್ಕೆ

ಲಾರ್ವುಡ್ ಹುಟ್ಟಿದ್ದು 1904ರಲ್ಲಿ, ನಾಟಿಂಗ್‌ಹ್ಯಾಮ್‌ಶೈರ್‌ನ ನನ್‌ಕಾರ್ಗೇಟ್ ಎಂಬ ಗಣಿ ಹಳ್ಳಿಯಲ್ಲಿ. ಅಪ್ಪ ಕಲ್ಲಿದ್ದಲು ಗಣಿ ಕಾರ್ಮಿಕ. ಮಗನೂ 14ರ ವಯಸ್ಸಿಗೆ ಗಣಿಗೆ ಇಳಿದ. ಕಲ್ಲಿದ್ದಲು ಎಳೆಯೋ ಕುದುರೆಮರಿಗಳ ಜೊತೆ ಕೆಲಸ. ವೇಗದ ಬೌಲರ್‌ಗೆ ಬೇಕಾದ ಎತ್ತರ ಇರಲಿಲ್ಲ, ಆದ್ರೆ ಬೆನ್ನು, ಭುಜ ಗಣಿಯಲ್ಲೇ ಗಟ್ಟಿಯಾಗಿದ್ದವು. 1924ರಲ್ಲಿ ಕೌಂಟಿ ತಂಡಕ್ಕೆ ಆಡಿದ, 1926ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಆ ಬೇಸಿಗೆಯಲ್ಲಿ ಬ್ರಿಟನ್ನಿನ ಗಣಿಗಳಿಗೆ ಬೀಗ ಬಿದ್ದಿತ್ತು. ಕೂಲಿ ಕಡಿತ ಒಪ್ಪದ ಕಾರ್ಮಿಕರನ್ನು ಮಾಲೀಕರು ತಿಂಗಳುಗಟ್ಟಲೆ ಹೊರಗಿಟ್ಟಿದ್ದರು. ಆತ ಬಿಟ್ಟುಬಂದ ಜಗತ್ತು ಅದು.

ಆದ್ರೆ ಬಂದು ಸೇರಿದ ಜಗತ್ತಿನಲ್ಲೂ ಗೋಡೆಗಳಿದ್ದವು. ಆಗಿನ ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಎರಡು ಜಾತಿ ಅಂದ್ರೆ ತಪ್ಪಲ್ಲ. ಸಂಬಳಕ್ಕಾಗಿ ಆಡದ, ಹೆಚ್ಚಾಗಿ ಸಿರಿವಂತ ಮನೆತನಗಳ 'ಅಮೆಚೂರ್'ಗಳು ಒಂದು ಕಡೆ. ದುಡ್ಡಿಗೆ ಆಡುವ 'ಪ್ರೊಫೆಷನಲ್'ಗಳು ಇನ್ನೊಂದು ಕಡೆ. ಎಷ್ಟೋ ಮೈದಾನಗಳಲ್ಲಿ ಇಬ್ಬರಿಗೂ ಬೇರೆ ಡ್ರೆಸಿಂಗ್ ರೂಮು, ಬೇರೆ ಗೇಟು. ಸ್ಕೋರ್‌ಕಾರ್ಡ್‌ನಲ್ಲಿ ಹೆಸರು ಬರೆಯೋ ರೀತಿಯೇ ಬೇರೆ: ಅಮೆಚೂರ್‌ಗೆ ಹೆಸರಿನ ಮುಂದೆ ಇನಿಷಿಯಲ್ಸ್, ಪ್ರೊಫೆಷನಲ್‌ಗೆ ಹಿಂದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಬ್ಬರಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ. (ಈ ಲೇಖನದಲ್ಲಂತೂ ಎಲ್ಲರಿಗೂ ಒಂದೇ ವಚನ.) ಮತ್ತು ನಾಯಕ ಯಾವಾಗಲೂ ಅಮೆಚೂರ್ ಆಗಿರಬೇಕು ಅನ್ನೋದು ಹೆಚ್ಚುಕಡಿಮೆ ಕಟ್ಟಳೆ.

ಬಾಡಿಲೈನ್ ಅಂದ್ರೇನು?

1930ರಲ್ಲಿ ಬ್ರಾಡ್‌ಮನ್ ಇಂಗ್ಲೆಂಡಿಗೆ ಬಂದು ಒಂದೇ ಸರಣಿಯಲ್ಲಿ 974 ರನ್ ಹೊಡೆದ. ಅವನನ್ನು ಕಟ್ಟಿಹಾಕೋದು ಹೇಗೆ ಅನ್ನೋ ಪ್ರಶ್ನೆಗೆ 1932-33ರ ಆಸ್ಟ್ರೇಲಿಯಾ ಪ್ರವಾಸದ ನಾಯಕ ಡಗ್ಲಸ್ ಜಾರ್ಡೀನ್ ಕಂಡುಕೊಂಡ ಉತ್ತರವೇ ಬಾಡಿಲೈನ್. ಜಾರ್ಡೀನ್ ಹುಟ್ಟಿದ್ದು ಮುಂಬೈನಲ್ಲಿ, ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. ಅಪ್ಪಟ ಅಮೆಚೂರ್.

ತಂತ್ರ ಸರಳ. ಲೆಗ್ ಸೈಡಿನಲ್ಲಿ ಬ್ಯಾಟ್ಸ್‌ಮನ್‌ಗೆ ಹತ್ತಿರದಲ್ಲಿ ಐದಾರು ಫೀಲ್ಡರ್‌ಗಳನ್ನು ನಿಲ್ಲಿಸು. ಇನ್ನೊಬ್ಬಿಬ್ಬರನ್ನು ಬೌಂಡರಿ ಬಳಿ ಇಡು. ಶಾರ್ಟ್ ಬಾಲ್ ಪಕ್ಕೆಲುಬಿಗೆ, ತಲೆಗೆ ಏರಿ ಬರಲಿ. ಬ್ಯಾಟ್ ಅಡ್ಡ ಹಿಡಿದರೆ ಹತ್ತಿರದಲ್ಲೇ ಕ್ಯಾಚ್. ಹುಕ್ ಮಾಡಿದರೆ ಬೌಂಡರಿಯಲ್ಲಿ ಕ್ಯಾಚ್. ಸುಮ್ಮನೆ ಬಿಟ್ಟರೆ ಮೈಗೆ ಪೆಟ್ಟು. ಹೆಲ್ಮೆಟ್ ಇಲ್ಲದ ಕಾಲ ಅದು. ಇದನ್ನು ಮಾಡೋಕೆ ವೇಗದ ಜೊತೆ ಕರಾರುವಾಕ್ಕಾದ ಗುರಿ ಇರೋ ಬೌಲರ್ ಬೇಕು. ಲಾರ್ವುಡ್ ಅಂಥವನು. ಅವನ ಜೊತೆಗೆ ಅದೇ ಕೌಂಟಿಯ, ಅದೇ ಗಣಿ ನಾಡಿನ ಬಿಲ್ ವೋಸ್.

ಇಂಗ್ಲೆಂಡ್ 4-1ರಿಂದ ಗೆದ್ದಿತು. ಲಾರ್ವುಡ್‌ಗೆ 33 ವಿಕೆಟ್. ಬ್ರಾಡ್‌ಮನ್‌ನ ಸರಾಸರಿ 56.57ಕ್ಕೆ ಇಳಿಯಿತು. ಅಡಿಲೇಡ್‌ನಲ್ಲಿ ಲಾರ್ವುಡ್ ಚೆಂಡು ಆಸ್ಟ್ರೇಲಿಯಾ ನಾಯಕ ವುಡ್‌ಫುಲ್‌ನ ಎದೆಗೆ ಬಡಿಯಿತು. ವಿಕೆಟ್‌ಕೀಪರ್ ಓಲ್ಡ್‌ಫೀಲ್ಡ್‌ನ ತಲೆಬುರುಡೆ ಬಿರುಕು ಬಿಟ್ಟಿತು. ತಮಾಷೆ ಅಂದ್ರೆ ಈ ಎರಡೂ ಎಸೆತಗಳ ಹೊತ್ತಿಗೆ ಇದ್ದದ್ದು ಮಾಮೂಲಿ ಫೀಲ್ಡಿಂಗ್. ವುಡ್‌ಫುಲ್ ಎದೆ ಹಿಡಿದುಕೊಂಡು ಚೇತರಿಸಿಕೊಂಡ ಮೇಲೆ, ಲಾರ್ವುಡ್‌ನ ಮುಂದಿನ ಓವರ್‌ಗೆ ಫೀಲ್ಡರ್‌ಗಳನ್ನು ಲೆಗ್ ಸೈಡಿಗೆ ಕಳಿಸಿದ್ದು ಜಾರ್ಡೀನ್. ಪ್ರೇಕ್ಷಕರು ಕೆರಳಿದರು. ಆಸ್ಟ್ರೇಲಿಯಾ ಮಂಡಳಿ ಎಂಸಿಸಿಗೆ ತಂತಿ ಕಳಿಸಿ ಇದು ಕ್ರೀಡಾಮನೋಭಾವಕ್ಕೆ ವಿರುದ್ಧ ಅಂತ ದೂರಿತು. ವಿಷಯ ಎರಡೂ ಸರ್ಕಾರಗಳ ತನಕ ಹೋಯ್ತು.

'ಇಲ್ಲ' ಅನ್ನೋ ಹಕ್ಕು ಯಾರಿಗಿತ್ತು?

ನನ್ನ ಪ್ರಕಾರ ಇಡೀ ಕಥೆಯ ಗಂಟು ಇರೋದು ಇಲ್ಲಿ. ಅದೇ ತಂಡದಲ್ಲಿ ಗಬ್ಬಿ ಅಲೆನ್ ಅನ್ನೋ ಇನ್ನೊಬ್ಬ ವೇಗದ ಬೌಲರ್ ಇದ್ದ. ಈಟನ್, ಕೇಂಬ್ರಿಡ್ಜ್‌ನಲ್ಲಿ ಓದಿದ ಅಮೆಚೂರ್. ಬಾಡಿಲೈನ್ ಎಸೆಯಲ್ಲ ಅಂತ ನಾಯಕನಿಗೆ ನೇರವಾಗಿ ಹೇಳಿದ. ಆದರೂ ಐದೂ ಟೆಸ್ಟ್ ಆಡಿದ. ಹಿರಿಯ ಪಟೌಡಿ ನವಾಬ ಲೆಗ್ ಸೈಡಿನ ಆ ಬಲೆಯಲ್ಲಿ ನಿಲ್ಲಲು ಒಪ್ಪಲಿಲ್ಲ. ಸಿಡ್ನಿಯ ಮೊದಲ ಟೆಸ್ಟ್‌ನಲ್ಲಿ ಶತಕ ಹೊಡೆದಿದ್ದರೂ ಎರಡನೇ ಟೆಸ್ಟ್ ನಂತರ ತಂಡದಿಂದ ಹೊರಬಿದ್ದ. ಅಂದ್ರೆ ನಿರಾಕರಣೆಗೆ ಬೆಲೆ ಇತ್ತು ನಿಜ. ಆದ್ರೆ ಇವರಿಬ್ಬರ ಅನ್ನ ಆ ಒಂದು 'ಇಲ್ಲ'ದ ಮೇಲೆ ನಿಂತಿರಲಿಲ್ಲ. ಲಾರ್ವುಡ್‌ನದು ನಿಂತಿತ್ತು.

ಹಾಗಂತ ಲಾರ್ವುಡ್‌ನನ್ನು ಪಾಪದ ಬಲಿಪಶು ಮಾಡೋದೂ ಸರಿಯಲ್ಲ. ಆತ ಮನಸ್ಸಿಲ್ಲದೆ ಎಸೆದವನಲ್ಲ, ಆ ತಂತ್ರವನ್ನು ಒಪ್ಪಿಯೇ ಎಸೆದ. ಜಾರ್ಡೀನ್ ಬಗ್ಗೆ ಕೊನೆತನಕ ಗೌರವ ಇಟ್ಟುಕೊಂಡಿದ್ದ. ಜಾರ್ಡೀನ್ ಕೂಡ ತನ್ನ ಬೌಲರ್‌ನ ಕೈಬಿಡಲಿಲ್ಲ. ಆದರೂ ಸಿಡ್ನಿಯ ಕೊನೆಯ ಟೆಸ್ಟ್‌ನಲ್ಲಿ ಏನಾಯ್ತು ನೋಡಿ. ನೈಟ್‌ವಾಚ್‌ಮನ್ ಆಗಿ ಹೋಗಿ 98 ರನ್ ಬಾರಿಸಿದ್ದ ಲಾರ್ವುಡ್, ಬೌಲಿಂಗ್ ಮಾಡುವಾಗ ಎಡಗಾಲಿನ ಮೂಳೆ ಮುರಿದುಕೊಂಡ. ಬ್ರಾಡ್‌ಮನ್ ಕ್ರೀಸ್‌ನಲ್ಲಿ ಇರೋ ತನಕ ಹೊರಗೆ ಹೋಗಬೇಡ ಅಂದ ನಾಯಕ. ಬ್ರಾಡ್‌ಮನ್ ಔಟಾದಾಗ ಇಬ್ಬರೂ ಒಟ್ಟಿಗೇ ಮೈದಾನದಿಂದ ಹೊರನಡೆದರು. ಲಾರ್ವುಡ್‌ಗೆ ಆಗ 28. ಅದೇ ಆತನ ಕೊನೆಯ ಟೆಸ್ಟ್.

ಕ್ಷಮಾಪಣೆಯ ರಾಜಕೀಯ

1933ರಲ್ಲಿ ವೆಸ್ಟ್ ಇಂಡೀಸ್ ಬೌಲರ್‌ಗಳು ಮ್ಯಾಂಚೆಸ್ಟರ್‌ನಲ್ಲಿ ಅದೇ ಬಾಡಿಲೈನ್ ಎಸೆದಾಗ ಇಂಗ್ಲೆಂಡಿನ ಜನ ಅದನ್ನು ತಮ್ಮ ಕಣ್ಣಾರೆ ಕಂಡರು, ಅಭಿಪ್ರಾಯ ಬದಲಾಗತೊಡಗಿತು. 1934ಕ್ಕೆ ಆಸ್ಟ್ರೇಲಿಯಾ ತಂಡ ಬರಬೇಕಿತ್ತು, ಸಂಬಂಧ ಸರಿಹೋಗಬೇಕಿತ್ತು. ಆಗ ಕ್ಷಮೆ ಕೇಳು ಅಂತ ಹೇಳಿದ್ದು ಯಾರಿಗೆ ಗೊತ್ತಾ? ಲಾರ್ವುಡ್‌ಗೆ. ಆ ತಂತ್ರ ರೂಪಿಸಿದ ಜಾರ್ಡೀನ್ ಅಷ್ಟರಲ್ಲಿ ಭಾರತ ಪ್ರವಾಸಕ್ಕೂ ನಾಯಕನಾಗಿ ಹೋಗಿಬಂದಿದ್ದ. ಆಸ್ಟ್ರೇಲಿಯಾ ವಿರುದ್ಧ ಆಡಲ್ಲ ಅಂತ ತಾನೇ ಘೋಷಿಸಿ ಹಿಂದೆ ಸರಿದ. ಲಾರ್ವುಡ್‌ನ ಉತ್ತರ ಸರಳ: ನಾಯಕ ಹೇಳಿದ್ದನ್ನು ಮಾಡಿದೆ, ಕ್ಷಮೆ ಕೇಳುವಂಥದ್ದೇನೂ ಇಲ್ಲ.

ಇಂಗ್ಲೆಂಡ್ ಅವನನ್ನು ಮತ್ತೆ ಆಡಿಸಲಿಲ್ಲ. ಫಾರ್ಮ್ ಹೋಗಿತ್ತು ಅಂತ ಹೇಳುವ ಹಾಗೂ ಇಲ್ಲ. ಕಾಲಿನ ಗಾಯದಿಂದ ವೇಗ ತಗ್ಗಿದ್ದರೂ 1936ರ ಕೌಂಟಿ ಋತುವಿನಲ್ಲಿ 12.97ರ ಸರಾಸರಿಯಲ್ಲಿ 119 ವಿಕೆಟ್ ತೆಗೆದ. ಮಂಡಳಿಯ ಜೊತೆ ರಾಜಿಯಾದ ವೋಸ್‌ಗೆ ಅದೇ ವರ್ಷ ಆಸ್ಟ್ರೇಲಿಯಾ ಪ್ರವಾಸದ ಟಿಕೆಟ್ ಸಿಕ್ಕಿತು. ನಾಯಕ ಯಾರು? ಗಬ್ಬಿ ಅಲೆನ್.

ಲಾರ್ವುಡ್ 1938ರಲ್ಲಿ ಆಟ ನಿಲ್ಲಿಸಿದ. ಪ್ರಥಮ ದರ್ಜೆಯಲ್ಲಿ ಒಟ್ಟು 1,427 ವಿಕೆಟ್. ಆಮೇಲೆ ಬ್ಲ್ಯಾಕ್‌ಪೂಲ್‌ನಲ್ಲಿ ಸಿಹಿತಿಂಡಿ ಅಂಗಡಿ ಇಟ್ಟ. 1950ರಲ್ಲಿ ಹೆಂಡತಿ, ಐವರು ಹೆಣ್ಣುಮಕ್ಕಳ ಜೊತೆ ಹಡಗು ಹತ್ತಿದ. ಹೋಗಿದ್ದೆಲ್ಲಿಗೆ? ಆಸ್ಟ್ರೇಲಿಯಾಕ್ಕೆ! ಬಾಡಿಲೈನ್ ಪೆಟ್ಟು ತಿಂದಿದ್ದ ಜಾಕ್ ಫಿಂಗಲ್ಟನ್ನೇ ಮುಂದೆ ನಿಂತು ನೆರವಾದ. ಆತನನ್ನು ಕೂಗಾಡಿ ಬೈದಿದ್ದ ಜನರೇ ನೆರೆಹೊರೆಯವರಾದರು. ಆಟಗಾರರ ನಡುವೆ ಹಗೆ ಕರಗೋಕೆ ಹೆಚ್ಚು ಕಾಲ ಬೇಕಾಗಲಿಲ್ಲ. ಬ್ರಿಟಿಷ್ ಸರ್ಕಾರ ಎಂಬಿಇ ಗೌರವ ಕೊಟ್ಟಿದ್ದು 1993ರಲ್ಲಿ, ಆತನಿಗೆ 88 ಆದಾಗ. ಎರಡು ವರ್ಷದ ನಂತರ ಸಿಡ್ನಿಯಲ್ಲೇ ತೀರಿಕೊಂಡ.

ಅಮೆಚೂರ್-ಪ್ರೊಫೆಷನಲ್ ಭೇದವನ್ನು ಇಂಗ್ಲೆಂಡ್ ಕೈಬಿಟ್ಟಿದ್ದು 1962ರಲ್ಲಿ. ಆದ್ರೆ ಸಂಸ್ಥೆಗಳ ಚಾಳಿ ಅಷ್ಟು ಬೇಗ ಹೋಗಲ್ಲ. ಯಾವುದೇ ವಿವಾದದಲ್ಲಿ ಮೇಲಿನವರು ಯಾರನ್ನಾದರೂ ಮುಂದೆ ತಳ್ಳಿ 'ಕ್ಷಮೆ ಕೇಳು' ಅಂದಾಗ, ನಾನೀಗ ಮೊದಲು ನೋಡೋದು ಆದೇಶ ಯಾರದು, ಅದಕ್ಕೆ ಇಲ್ಲ ಅನ್ನೋ ಸ್ಥಿತಿಯಲ್ಲಿ ಯಾರಿದ್ದರು ಅಂತ. ಅಂದ ಹಾಗೆ, ಲಾರ್ಡ್ಸ್‌ನಲ್ಲಿ ಅಲೆನ್ ಹೆಸರಿನ ಒಂದು ಸ್ಟ್ಯಾಂಡ್ ಇದೆ. ಲಾರ್ವುಡ್ ಮತ್ತು ವೋಸ್ ಹೆಸರಿನಲ್ಲಿ ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಜ್ ಮೈದಾನದಲ್ಲಿ ಒಂದು ಪಬ್ಬೂ ಇದೆ.