ಹಿತ್ತಿಲ ತೋಟದ ದುಡಿಮೆಯೂ ಫಲವೂ

ಹಿತ್ತಿಲ ತೋಟದ ವಿಸ್ತಾರವನ್ನು ನೆಲವಿದ್ದಷ್ಟೂ ಹಿಗ್ಗಿಸತಕ್ಕದ್ದಲ್ಲ. ಬೇಸಗೆಯಲ್ಲಿ ಬಾವಿಯಲ್ಲಿ ಉಳಿಯುವ ನೀರನ್ನೂ ಮನೆಯವರ ದುಡಿಮೆಯನ್ನೂ ನೋಡಿ ನಿಶ್ಚಯಿಸತಕ್ಕದ್ದು. ಮಳೆಗಾಲದಲ್ಲಿ 10 ಗುಂಟೆ ಬಿತ್ತಿ ಚೈತ್ರದಲ್ಲಿ ಒಣಗಿಸುವುದಕ್ಕಿಂತ 4 ಗುಂಟೆಯನ್ನು ವರ್ಷವೆಲ್ಲಾ ಹಸುರಾಗಿರಿಸುವುದು ಲೇಸು.

ಬಚ್ಚಲ ನೀರನ್ನು ನಿಲ್ಲಗೊಡದೆ ಬಾಳೆಯ ಪಾತಿಗಳಿಗೆ ಹರಿಸಬೇಕು. ನಿಂತ ನೀರಿನಲ್ಲಿ ಸೊಳ್ಳೆಗಳು ಹುಟ್ಟುವುವು. ಸೊಪ್ಪಿನ ಮಡಿಗಳನ್ನು 15 ದಿನಗಳಿಗೆ ಒಂದರಂತೆ ಬಿತ್ತಿದರೆ ಎಳೆಯ ದಂಟೂ ಮೆಂತ್ಯವೂ ಎಡೆಬಿಡದೆ ದೊರೆಯುವುವು. ಕಳೆಯನ್ನು ಬೀಜ ಕಟ್ಟುವ ಮೊದಲೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಬೇಕು. ಬೀಜ ಉದುರಿದರೆ ಮುಂದಿನ ವರ್ಷದ ಕೆಲಸವು ಇಮ್ಮಡಿಯಾಗುವುದು. ಪ್ರತಿದಿನ ಬೆಳಗ್ಗೆ ಎಲೆಗಳ ಅಡಿಭಾಗವನ್ನು ನೋಡಿ ಹುಳುವಿನ ಮೊಟ್ಟೆಗಳನ್ನು ತೆಗೆದುಹಾಕಬೇಕು.

ಇಷ್ಟು ದುಡಿದವರ ಮನೆಯ ಮಕ್ಕಳಿಗೆ ನಿತ್ಯವೂ ಹೊಸ ಸೊಪ್ಪು ದೊರೆಯುವುದು. ಮಿಕ್ಕುದನ್ನು ನೆರೆಮನೆಗೆ ಕೊಡುವ ಸಂತೋಷವೂ ಉಂಟು. ಗ್ರಾಮದ ಮುಖಂಡರು ಮೊದಲು ತಮ್ಮ ಹಿತ್ತಿಲಲ್ಲಿ ಮಾಡಿ ತೋರಿಸಿದರೆ ಉಳಿದವರು ಅನುಸರಿಸುವರು.