ಹಳೆಯ ಉಣುಗಿನ ಸ್ಲೈಡುಗಳಿಂದ ಮಂಗನ ಕಾಯಿಲೆ ಬರುತ್ತದೆಯೇ?

ಮಂಗಗಳನ್ನು ಓಡಿಸಿದರೆ ಮಂಗನ ಕಾಯಿಲೆ ಹೋಗುತ್ತದೆಯೇ? ಕಾಲೇಜಿನ ಬೀರುವಿನಲ್ಲಿರುವ ಹಳೆಯ ಉಣುಗಿನ ಸ್ಲೈಡುಗಳಿಂದ ರೋಗ ಬರುತ್ತದೆಯೇ? ಎರಡಕ್ಕೂ ಉತ್ತರ: ಇಲ್ಲ. ಯಾಕೆಂದು ನೋಡೋಣ.

ರೋಗ ಹರಡುವುದು ಯಾರು?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನರಿಗೆ ಜೋರು ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ ಪತ್ತೆ ಮಾಡಿದರು. ಕಾಡಿನ ಹೆಸರೇ ರೋಗಕ್ಕೂ ಬಂತು. ಮೊದಲ ವರ್ಷಗಳಲ್ಲಿ ಅದು ಸಾಗರ, ಸೊರಬ, ಶಿಕಾರಿಪುರ ತಾಲ್ಲೂಕುಗಳಿಗೆ ಸೀಮಿತವಾಗಿತ್ತು. ಈಗ ಕೇರಳ, ಗೋವಾ, ಮಹಾರಾಷ್ಟ್ರ, ತಮಿಳುನಾಡಿನಲ್ಲೂ ಕಂಡಿದೆ.

ಮಂಗವೂ ನಮ್ಮಂತೆ ರೋಗಕ್ಕೆ ತುತ್ತಾಗುವ ಪ್ರಾಣಿ. ಮುಖ್ಯವಾಗಿ ರೋಗ ದಾಟಿಸುವುದು ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿದು ಬೇರೆ ಮೈಗಾಗಿ ಕಾಯುತ್ತವೆ. ಮಂಗಗಳನ್ನು ಓಡಿಸಿದರೂ ಉಣುಗು ಕಾಡಿನಲ್ಲೇ ಉಳಿಯುತ್ತದೆ.

ಸ್ಲೈಡಿಗೂ ಇದಕ್ಕೂ ಏನು ಸಂಬಂಧ?

ಮಲೆನಾಡಿನಲ್ಲಿ ಉಣುಗಿನ ಜಾತಿಗಳು ಹಲವು. ಬರಿಗಣ್ಣಿಗೆ ಎಲ್ಲವೂ ಒಂದೇ. ಸೂಕ್ಷ್ಮದರ್ಶಕದಲ್ಲಿ ಬಾಯಿ, ಕಾಲುಗಳ ರಚನೆ ನೋಡಿಯೇ ಜಾತಿ ಹೇಳಬೇಕು. ಮಂಗನ ಕಾಯಿಲೆಯ ಮುಖ್ಯ ವಾಹಕ ಹೆಮಫೈಸಾಲಿಸ್ ಸ್ಪಿನಿಜೆರಾಕ್ಕೆ ಫ್ರಾನ್ಸಿನ ಪಶುವೈದ್ಯ ನ್ಯೂಮನ್ ಹೆಸರಿಟ್ಟದ್ದು 1897ರಲ್ಲಿ, ಅಂದರೆ ರೋಗ ಪತ್ತೆಯಾಗುವ 60 ವರ್ಷ ಮೊದಲು. ಯಾರೋ ಹಿಂದೆಯೇ ಹಿಡಿದು, ವಿವರ ಬರೆದಿಟ್ಟಿದ್ದರಿಂದ ಮುಂದಿನವರಿಗೆ ದಾರಿ ಸಿಕ್ಕಿತು.

ಇಂಥ ಸಂಗ್ರಹಕ್ಕೆ ಹವ್ಯಾಸಿಗಳ ಕೊಡುಗೆ ದೊಡ್ಡದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು 1883ರಲ್ಲಿ ಕಟ್ಟಿದ್ದು ಎಂಟು ಮಂದಿ ಹವ್ಯಾಸಿಗಳು. ವಿಶ್ವವಿದ್ಯಾಲಯದ ಪದವಿಯಿಲ್ಲದ ಸಲೀಂ ಅಲಿ, 1960ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನ ನಡೆಸಿದರು. ಹಕ್ಕಿಗಳು ಇಂಥ ವೈರಸ್‌ಗಳನ್ನು ಹೊತ್ತು ತರುತ್ತವೆಯೇ ಎಂಬುದೂ ಅದರ ಪ್ರಶ್ನೆಯಾಗಿತ್ತು.

ಇಂದು ಹೊಸ ಊರಿನಲ್ಲಿ ರೋಗ ಕಂಡರೆ ಒಂದು ಪ್ರಶ್ನೆ ಏಳುತ್ತದೆ: ಈ ಉಣುಗು ಮೊದಲೇ ಇಲ್ಲಿತ್ತೇ, ಈಚೆಗೆ ಬಂತೇ? ಅದಕ್ಕೆ ಉತ್ತರ ಆ ಊರಿನ ಹೆಸರು, ದಿನಾಂಕ ಬರೆದಿಟ್ಟ ಹಳೆಯ ಮಾದರಿಯಲ್ಲಿದೆ.

ಸಿಕ್ಕರೆ ಏನು ಮಾಡಬೇಕು?

• ಸ್ಲೈಡಿನಲ್ಲಿ ಅಂಟಿಸಿದ ಉಣುಗು ಕಚ್ಚುವುದಿಲ್ಲ. ಹೆದರಿ ಸುಡಬೇಡಿ.
• ಚೀಟಿ ಕೀಳಬೇಡಿ. ಊರು, ದಿನಾಂಕವಿಲ್ಲದ ಮಾದರಿಗೆ ಬೆಲೆ ತೀರಾ ಕಡಿಮೆ. ಮೊದಲು ಚೀಟಿಯ ಫೋಟೊ ತೆಗೆಯಿರಿ.
• ಸ್ಲೈಡುಗಳನ್ನು ಅಡ್ಡಲಾಗಿ ಮಲಗಿಸಿ, ಬಿಸಿಲು ಮತ್ತು ತೇವ ತಾಗದಂತೆ ಇಡಿ. ನೆಟ್ಟಗೆ ನಿಲ್ಲಿಸಿದರೆ ಮೇಲಿನ ತೆಳುಗಾಜು ಜಾರಬಹುದು.
• ಬಾಟಲಿಗಳನ್ನು ತೆರೆದು ಮೂಸಬೇಡಿ, ಫಾರ್ಮಲಿನ್ ಇರಬಹುದು.
• ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಿಳಿಸಿ.

ಆದರೆ ಹೊಸದಾಗಿ ಉಣುಗು ಹಿಡಿಯಲು ಕಾಡಿಗೆ ಹೋಗಬೇಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಿ. ಮುಂದಿನ ಸಲ "ಮಂಗಗಳನ್ನು ಓಡಿಸಿ" ಎಂಬ ಫಾರ್ವರ್ಡ್ ಬಂದರೆ, ನಾವು ಹೇಳಿದ ಇಷ್ಟನ್ನು ಅದೇ ಗುಂಪಿಗೆ ಕಳಿಸಿ.