ಮಂಡಿಯ ಬಿಗಿತ ನೀಗಲು ಮಿತವಾದ ವ್ಯಾಯಾಮ

ಕೆಸರುಗದ್ದೆಯಲ್ಲಿ ಜಾರಿ ಬಿದ್ದೋ, ದನ ಒದ್ದೋ ಮಂಡಿಗೆ ಪೆಟ್ಟಾದ ಅಥವಾ ಮಂಡಿಯ ಶಸ್ತ್ರಚಿಕಿತ್ಸೆಯಾದ ರೈತರಲ್ಲಿ ಗಾಯ ಮಾಯ್ದ ಮೇಲೂ ಕಾಲು ಮಡಿಚಲಾಗದ ತೊಂದರೆ ಉಳಿಯುವುದುಂಟು. ಸಮನೆಲದಲ್ಲಿ ನಡೆಯಲು ಮಂಡಿ ಸುಮಾರು ೬೦ ಡಿಗ್ರಿ ಮಡಿಚಿದರೆ ಸಾಕು. ಕುರ್ಚಿಯಲ್ಲಿ ಕೂರಲು ಸುಮಾರು ೯೦ ಡಿಗ್ರಿ ಬೇಕು. ಕುಕ್ಕರುಗಾಲಿನಲ್ಲಿ ಕೂತು ಕಳೆ ಕೀಳಲು, ಹಾಲು ಕರೆಯಲು ೧೨೦ ಡಿಗ್ರಿಗಿಂತಲೂ ಹೆಚ್ಚು ಮಡಿಚಬೇಕಾಗುತ್ತದೆ. ಆದ್ದರಿಂದ ಮಂಡಿಯ ಚಲನೆ ಮರಳಿ ಬರುವುದು ರೈತನ ದುಡಿಮೆಯ ಪ್ರಶ್ನೆಯೇ ಆಗಿದೆ.

ಬಿಗಿತಕ್ಕೆ ಕಾರಣ

ಕೀಲನ್ನು ವಾರಗಟ್ಟಲೆ ಆಡಿಸದಿದ್ದರೆ ಅದರ ಸುತ್ತಲಿನ ಪೊರೆ ಕುಗ್ಗುತ್ತದೆ. ತೊಡೆಯ ಸ್ನಾಯು ಸೊರಗುತ್ತದೆ. ಹಿತವೆನಿಸುವುದೆಂದು ಮಂಡಿಯ ಕೆಳಗೆ ಸದಾ ದಿಂಬಿಟ್ಟು ಮಲಗಿದರೆ ಕಾಲು ಪೂರ್ತಿ ನೀಳವಾಗದೆ ಕುಂಟು ಉಳಿಯಬಹುದು.

ವ್ಯಾಯಾಮದ ಕ್ರಮ

ಮೂಳೆ ಮುರಿದವರು ಮತ್ತು ಶಸ್ತ್ರಚಿಕಿತ್ಸೆಯಾದವರು ಯಾವಾಗ ಆರಂಭಿಸಬೇಕು, ಎಷ್ಟು ಮಡಿಚಬಹುದು ಎಂಬುದನ್ನು ವೈದ್ಯರಿಂದ ತಿಳಿದ ನಂತರವೇ ತೊಡಗಬೇಕು. ಅಂಗಾತ ಮಲಗಿ ಪ್ರತಿಯೊಂದನ್ನೂ ೧೦ ಸಲದಂತೆ ದಿನಕ್ಕೆ ೨-೩ ಬಾರಿ ಮಾಡಬೇಕು.

೧. ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ಇದರಿಂದ ರಕ್ತಸಂಚಾರ ಸುಗಮವಾಗುತ್ತದೆ.

೨. ಸುತ್ತಿದ ಟವಲನ್ನು ಹಿಮ್ಮಡಿಯ ಕೆಳಗಿಟ್ಟು, ತೊಡೆ ಬಿಗಿದು, ಮಂಡಿಯನ್ನು ಕೆಳಕ್ಕೆ ಒತ್ತಿ ೫ ಎಣಿಸುವವರೆಗೆ ಹಿಡಿಯುವುದು.

೩. ಹಿಮ್ಮಡಿಯನ್ನು ಚಾಪೆಯ ಮೇಲೆ ಜಾರಿಸುತ್ತಾ ಪೃಷ್ಠದ ಕಡೆಗೆ ತಂದು, ನಿಧಾನವಾಗಿ ಮತ್ತೆ ಚಾಚುವುದು.

೪. ಒಳ್ಳೆಯ ಕಾಲನ್ನು ಮಡಿಚಿಟ್ಟು, ನೋವಿನ ಕಾಲನ್ನು ನೇರವಾಗಿಯೇ ಒಂದು ಅಡಿ ಎತ್ತಿ, ೫ ಎಣಿಸಿ ಇಳಿಸುವುದು.

ಇವು ಸಲೀಸಾದ ಮೇಲೆ ಮಂಚದ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಮೆಲ್ಲಗೆ ಹಿಂದಕ್ಕೆ ಮಡಿಚುವುದನ್ನು ಅಭ್ಯಾಸ ಮಾಡಬಹುದು.

ಎಚ್ಚರಿಕೆ

ವ್ಯಾಯಾಮದ ವೇಳೆ ಸ್ವಲ್ಪ ಎಳೆತ ಸಹಜ. ಮರುದಿನ ಊತ ಅಥವಾ ನೋವು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಬೇಕು. ನೆಟ್ಟ ಸಸಿಯನ್ನು ಎಳೆದು ಎತ್ತರ ಮಾಡಲಾಗದಂತೆ, ಮಂಡಿಯನ್ನು ಬಲವಂತವಾಗಿ ಮಡಿಚಿ ಸರಿಪಡಿಸಲಾಗದು. ಬೇರೆಯವರಿಂದ ತಿಕ್ಕಿಸಿ ಎಳೆಸುವುದು ಅಪಾಯಕರ. ಮೀನಖಂಡದಲ್ಲಿ ಊತ-ನೋವು, ಜ್ವರ, ಗಾಯದಲ್ಲಿ ಕೀವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಎದೆನೋವು, ಉಸಿರಾಟದ ತೊಂದರೆ ಕಾಣಿಸಿದರೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಕೆಲಸಕ್ಕೆ ಮರಳುವಾಗ

ಮೊದಲು ಸಮನೆಲದ ನಡಿಗೆ, ನಂತರ ಬದುವಿನ ನಡಿಗೆ, ಕೊನೆಯಲ್ಲಿ ಕುಕ್ಕರುಗಾಲಿನ ಕೆಲಸ, ಈ ಕ್ರಮ ಸೂಕ್ತ. ಕೃತಕ ಮಂಡಿ ಅಳವಡಿಸಿಕೊಂಡವರು ವೈದ್ಯರ ಅನುಮತಿಯಿಲ್ಲದೆ ಕುಕ್ಕರುಗಾಲಿನಲ್ಲಿ ಕೂರಬಾರದು. ಅಂಥವರು ಹಾಲು ಕರೆಯಲು ಎತ್ತರದ ಸ್ಟೂಲನ್ನೂ, ಕಳೆ ತೆಗೆಯಲು ನಿಂತು ಬಳಸುವ ಉದ್ದ ಹಿಡಿಯ ಸಾಧನವನ್ನೂ ಉಪಯೋಗಿಸುವುದು ಒಳ್ಳೆಯದು.